ಗಂಡಿನ ಭುಜಕ್ಕೆ ಹೆಣ್ಣಿನ ರವಿಕೆ

ನಾನು ಹೊಲಿಗೆ ಕಲಿಯಲು ಹರಿದುಹೋದ ಒಂದು ರವಿಕೆ ಕಾರಣ.

ಕುಂದಾಪುರದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ. ನನಗೆ ದಮಯಂತಿಯ ವೇಷ. ರಾತ್ರಿ ಎರಡು ಗಂಟೆ ದಾಟಿತ್ತು. ಕಾಡಿನಲ್ಲಿ ನಳ ಬಿಟ್ಟುಹೋಗಿದ್ದಾನೆ, ದಮಯಂತಿ ಎದ್ದು ಹುಡುಕುತ್ತಾಳೆ. ಎರಡೂ ಕೈ ಮೇಲೆತ್ತಿದ್ದೇ ತಡ, ಬಲಗಂಕುಳಿನಲ್ಲಿ ಪರ್ ಎಂದಿತು. ಆ ಸದ್ದು ಮದ್ದಲೆಯವರಿಗೂ ಕೇಳಿಸಿತ್ತಂತೆ. ಉಳಿದಷ್ಟು ಹೊತ್ತು ಮೊಣಕೈಯನ್ನು ಮೈಗೆ ಒತ್ತಿಕೊಂಡೇ ಆಡಿದೆ. ದಮಯಂತಿಯ ದುಃಖ ಇರುವುದೆಲ್ಲ ಕೈಯಲ್ಲಿ. ಆ ಕೈಯೇ ಕಟ್ಟಿಹೋಯಿತು. ವೇಷ ಕಟ್ಟುವ ಚೌಕಿಗೆ ಬಂದವನು ಗೆಜ್ಜೆ ಕೂಡ ಬಿಚ್ಚದೆ ಕೂತು ಅತ್ತೆ.

ಬೆಳಿಗ್ಗೆ ಆ ರವಿಕೆಯ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿದೆ. ಬಾಡಿಗೆಗೆ ತಂದ ರವಿಕೆ ಅದು. ಬಿಚ್ಚಿ ನೆಲದ ಮೇಲೆ ಹರಡಿದಾಗ ಗೊತ್ತಾಯಿತು: ಅದನ್ನು ಹೆಂಗಸರ ಅಳತೆಗೇ ಕತ್ತರಿಸಿ, ಸುಮ್ನೆ ಎಲ್ಲ ಕಡೆ ಎರಡೆರಡು ಇಂಚು ಹೆಚ್ಚಿಸಿದ್ದರು. ಗಂಡಸಿನ ಮೈ ದೊಡ್ಡ ಹೆಂಗಸಿನ ಮೈ ಅಲ್ಲವಲ್ಲ. ಭುಜ ಬೇರೆ, ಬೆನ್ನು ಬೇರೆ, ಸೊಂಟ ಬೇರೆ. ಅಂದಿನಿಂದ ಇಂದಿನವರೆಗೆ ನಾನು ಮಾಡಿದ್ದೆಲ್ಲ ಈ ವ್ಯತ್ಯಾಸದ ಮೇಲಿನ ಕೆಲಸ.

ನಾನು ಬಡಗುತಿಟ್ಟಿನವನು, ಅಂದರೆ ಯಕ್ಷಗಾನದ ಉತ್ತರದ ಶೈಲಿಯವನು. ಎಲ್ಲರ ಹಾಗೆ ಕಥೆಗೆ ಮೊದಲು ಬರುವ ವೇಷಗಳಿಂದ ಶುರು: ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ಸ್ವರ ಸಣ್ಣದಿತ್ತು, ಮುಖ ಉದ್ದುದ್ದ ಇತ್ತು, ಹಾಗಾಗಿ ಮೇಳದಲ್ಲಿ ಸ್ತ್ರೀವೇಷಕ್ಕೇ ಉಳಿದೆ. ಮೊದಲ ವರ್ಷ ನಾನು ನಡು ಬಳುಕಿಸುವುದನ್ನೇ ಹೆಣ್ಣುತನ ಅಂದುಕೊಂಡಿದ್ದೆ. ಗುರುಗಳು ಒಂದು ದಿನ ಕರೆದು ಕೂರಿಸಿಕೊಂಡು ಹೇಳಿದರು, "ಹೆಣ್ಣ್ ಆಪುಕೆ ಹೋಗ್ಬೇಡ ಮಾಣಿ. ಮೊದ್ಲ್ ಭುಜ ಇಳ್ಸ್." ಭುಜ ಇಳಿಸಿದರೆ ಕುತ್ತಿಗೆ ಉದ್ದವಾಗಿ ಕಾಣುತ್ತದೆ, ಕುತ್ತಿಗೆ ಉದ್ದವಾದರೆ ಕಣ್ಣು ತಾನಾಗಿ ಕೆಳಗೆ ಬರುತ್ತದೆ. ಗರತಿ ವೇಷಕ್ಕೆ ಅರ್ಧ ಅಭಿನಯ ಅಲ್ಲೇ ಆಯಿತು.

ಅದೇ ಮಾತು ಹೊಲಿಗೆಗೂ ಆಗುತ್ತದೆ ಎಂದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ ನಿಲ್ಲುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ರವಿಕೆ ಹರಿದ ವರ್ಷದ ಮಳೆಗಾಲದಲ್ಲಿ ನಮ್ಮ ಪೇಟೆಯ ಒಬ್ಬ ಟೈಲರ್ ಅಂಗಡಿಗೆ ದಿನಾ ಹೋಗಿ ಕೂತೆ. ಮೊದಲ ತಿಂಗಳು ಹುಕ್ಕು, ಕಾಜ, ಕೈಹೊಲಿಗೆ ಬಿಟ್ಟು ಬೇರೆ ಕೆಲಸ ಕೊಡಲಿಲ್ಲ. ಎರಡನೇ ಮಳೆಗಾಲದಲ್ಲಿ ಕತ್ತರಿ ಕೊಟ್ಟರು. ಹಳೇ ಬೆಡ್‌ಶೀಟ್ ಕತ್ತರಿಸಿ ನನ್ನ ಮೈಗೇ ಹನ್ನೆರಡು ರವಿಕೆ ಮಾಡಿದೆ. ಒಂದೂ ಸರಿಯಾಗಲಿಲ್ಲ. ಹದಿಮೂರನೆಯದರಲ್ಲಿ ಕೈ ಎತ್ತಿದರೂ ಹೊಲಿಗೆ ಎಳೆಯಲಿಲ್ಲ.

ಅದನ್ನು ಹೇಗೆ ಮಾಡಿದೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸ ಹುಡುಗರು ಕೇಳುವುದು ಇದನ್ನೇ. ನನ್ನ ಭುಜದ ಅಳತೆ 17 ಇಂಚು. ರವಿಕೆಯ ಭುಜವನ್ನು ಮಾತ್ರ 15ಕ್ಕೆ ಇಳಿಸಿದೆ. ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಬಿದ್ದರೆ ಭುಜ ಎಷ್ಟು ಅಗಲ ಎನ್ನುವುದು ಎದ್ದು ಕಾಣುತ್ತದೆ. ಒಂದೊಂದು ಇಂಚು ಒಳಗೆ ಬಿದ್ದರೆ ನೋಡುವವರ ಕಣ್ಣು ಭುಜ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ. ಆದರೆ ಹೀಗೆ ಇಳಿಸಿದಾಗ ಕಂಕುಳು ಬಿಗಿಯುತ್ತದೆ. ಅದಕ್ಕೆ ಕಂಕುಳಿನಲ್ಲಿ ಅಂಗೈಯಷ್ಟು ದೊಡ್ಡ ಒಂದು ಚೌಕ ತುಂಡು ಸೇರಿಸಿದೆ, ಅದೂ ಬಟ್ಟೆಯನ್ನು ಕ್ರಾಸ್, ಅಂದರೆ ಓರೆಯಾಗಿ ಇಟ್ಟು ಕತ್ತರಿಸಿದ್ದು. ಕ್ರಾಸ್ ಬಟ್ಟೆ ಎಳೆದಷ್ಟು ಹಿಗ್ಗುತ್ತದೆ. ಕೈ ಇಳಿಸಿದಾಗ ಆ ತುಂಡು ಮಡಚಿಕೊಂಡು ಒಳಗೆ ಅಡಗುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಇಷ್ಟೇ. ಇಷ್ಟು ಸಣ್ಣ ತುಂಡು ನನ್ನ ದಮಯಂತಿಗೆ ಕೈಗಳನ್ನು ವಾಪಸ್ ಕೊಟ್ಟಿತು.

ಸೊಂಟದ್ದು ಬೇರೆ ಲೆಕ್ಕ. ಸೊಂಟ ತುಂಬಿ ಕಾಣಲಿ ಎಂದು ನಾವು ಹಿಂದಿನಿಂದಲೂ ಹಳೇ ಪಂಚೆ ಸುತ್ತಿ ಕಟ್ಟಿಕೊಳ್ಳುತ್ತಿದ್ದೆವು. ಬೆವರಿಗೆ ಅದು ನೆನೆದು ಭಾರವಾಗುತ್ತದೆ, ಬೆಳಗಾಗುವಷ್ಟರಲ್ಲಿ ಕೆಳಗೆ ಜಾರಿರುತ್ತದೆ. ಸೀರೆಯದ್ದೂ ಕಷ್ಟ ಇತ್ತು. ನನ್ನ ಎತ್ತರಕ್ಕೆ ಐದೂವರೆ ಮೀಟರಿನ ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ಹಿಮ್ಮಡಿ ಕಾಣುತ್ತದೆ. ಹಾಗಾಗಿ ಒಂದೇ ಬಣ್ಣದ ಎರಡು ಸೀರೆ ತಂದು, ನೆರಿಗೆಯನ್ನು ಮೊದಲೇ ಹಿಡಿದು ಪಟ್ಟಿಗೆ ಹೊಲಿದು, ಎರಡು ಬದಿಗೂ ಲಾಡಿ ಕೊಟ್ಟೆ. ಪೀಠಿಕೆ ಸ್ತ್ರೀವೇಷ ಮುಗಿಸಿ ಬಂದು ಮುಂದಿನ ವೇಷಕ್ಕೆ ಬದಲಾಯಿಸಲು ಮೊದಲು ಇಪ್ಪತ್ತು ನಿಮಿಷ ಬೇಕಿತ್ತು. ಈಗ ಐದು ನಿಮಿಷ ಸಾಕು. ವೆಲ್ವೆಟ್ ಒಗೆಯಲು ಬರುವುದಿಲ್ಲ. ಅದಕ್ಕೆ ಒಳಗಡೆ ಹತ್ತಿಯ ಅಸ್ತರನ್ನು ಟಿಚ್ ಬಟನ್ ಹಾಕಿ ಸೇರಿಸುತ್ತೇನೆ. ಆಟ ಮುಗಿದ ಮೇಲೆ ಅದನ್ನಷ್ಟೇ ಕಿತ್ತು ಒಗೆದರೆ ಆಯಿತು. ಮಳೆಗಾಲದಲ್ಲಿ ವೇಷದ ಪೆಟ್ಟಿಗೆಗೆ ಬೂಷ್ಟು ಹಿಡಿಯದ ಹಾಗೆ ಕಪಾಟಿನೊಳಗೆ 60 ವ್ಯಾಟಿನ ಬಲ್ಬು ಉರಿಸಿಡುತ್ತೇನೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದೆ ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಹಳೆಯ ಬಣ್ಣದ ಹೊಳಪು ನನಗೆ ಈಗಲೂ ಇಷ್ಟ. ಆದರೂ ಮಕ್ಕಳ ಮುಖಕ್ಕೆ ಅದನ್ನು ಹಚ್ಚಲು ನಾನು ಬಿಡುವುದಿಲ್ಲ.

ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಜೊತೆ ಸೇರಿ ಮಾಡಿದ ಏಕವ್ಯಕ್ತಿ ಯಕ್ಷಗಾನ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಒಬ್ಬರೇ, ಉದ್ದಕ್ಕೂ ಸ್ತ್ರೀವೇಷದಲ್ಲೇ. ನಮ್ಮ ಮೇಳಗಳಲ್ಲಿ ಆಗ ಸಿನಿಮಾ ಸೀರೆಗಳ ಮಿಂಚು ಜಾಸ್ತಿಯಾಗಿತ್ತು, ನಾನೂ ಅಂಥದ್ದನ್ನೇ ಹೊಲಿಯುತ್ತಿದ್ದೆ. ಮರುದಿನವೇ ಜರಿ ಕಿತ್ತು, ಕಪ್ಪು ಕೆಂಪು ಚೌಕುಳಿಯ ಕಡೆಗೆ ಬಂದೆ. ಚೌಕಿಯ ದೀಪದಲ್ಲಿ ಮಂಕಾಗಿ ಕಾಣುವ ಆ ಬಟ್ಟೆ ರಂಗಸ್ಥಳದ ಬೆಳಕಿಗೆ ಬಂದ ಕೂಡಲೇ ಎದ್ದು ನಿಲ್ಲುತ್ತದೆ.

ಮನೆಯ ಕಡೆ ಎಲ್ಲ ಸುಲಭ ಇರಲಿಲ್ಲ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ, "ಸೀರೆ ಉಡುವವನಿಗೆ ನಮ್ಮ ಮಗಳನ್ನು ಕೊಡುವುದು ಹೇಗೆ?" ಎಂದು ಮುಖಕ್ಕೇ ಕೇಳಿದರು. ಹಿಂದಿನ ವಾರವಷ್ಟೇ ಅದೇ ಮನೆಯವರು ಹರಕೆ ಆಟ ಮಾಡಿಸಿ, ನನ್ನ ದೇವಿ ವೇಷಕ್ಕೆ ಕೈಮುಗಿದಿದ್ದರು. ಅದು ಇವತ್ತಿಗೂ ನೋಯುತ್ತದೆ. ನನ್ನನ್ನು ಮದುವೆಯಾದವಳು ನನ್ನ ಆಟವನ್ನು ನೋಡಿಯೇ ಒಪ್ಪಿದವಳು. ಈಗ ನಮ್ಮ ಡಾಬು, ತೋಳುಕಟ್ಟುಗಳ ಮಣಿ ಕೆಲಸವೆಲ್ಲ ಅವಳದ್ದು. ಅವಳ ಕೈಯಷ್ಟು ಅಚ್ಚುಕಟ್ಟು ನನಗೆ ಬಂದಿಲ್ಲ.

2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದು 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತಲ್ಲ, ಅದರ ಮುಂದಿನ ವರ್ಷ ಬೆಂಗಳೂರಿನಿಂದ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ಅಲ್ಲಿ ಡ್ರ್ಯಾಗ್ ಶೋ ಮಾಡುತ್ತಾನಂತೆ, ಅಂದರೆ ಹೆಣ್ಣಿನ ವೇಷ ಹಾಕಿ ರಂಜಿಸುವ ಪ್ರದರ್ಶನ. ಡ್ರ್ಯಾಗ್ ಎಂಬ ಪದ ನಾನು ಕೇಳಿದ್ದು ಅವತ್ತೇ ಮೊದಲು. "ಅಣ್ಣ, ನಂಗೆ ಯಕ್ಷಗಾನದ ಥರದ್ದೇ ಭುಜಕೀರ್ತಿ ಬೇಕು, ಆದ್ರೆ ಗೌನ್ ಮೇಲೆ ಹಾಕ್ಬೇಕು" ಅಂದ. ಮೂರು ದಿನ ನಮ್ಮಲ್ಲೇ ಉಳಿದ. ಹಗುರದ ಮರವನ್ನು ಕೊರೆದು, ಬೇಗಡೆಯ ಹೊಳೆಯುವ ತೆಳು ಹಾಳೆ ಅಂಟಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ. ರಾತ್ರಿ ಊಟ ಆದ ಮೇಲೆ ಅವನು ತನ್ನ ಚೀಲ ಬಿಚ್ಚಿ ಸೊಂಟದ ಸ್ಪಂಜು ತೋರಿಸಿದ. ದಪ್ಪ ಸ್ಪಂಜನ್ನು ಮಾವಿನಕಾಯಿ ಹೋಳಿನ ಆಕಾರಕ್ಕೆ ಕತ್ತರಿಸಿ, ಅಂಚನ್ನು ಕತ್ತರಿಯಿಂದ ಸವರಿ ಸವರಿ ತೆಳು ಮಾಡಿದ್ದ. ಅದರ ಮೇಲೆ ಸೊಂಟದವರೆಗೆ ಬರುವ ಬಿಗಿ ಕಾಲುಚೀಲವನ್ನು ಒಂದರ ಮೇಲೊಂದು ಮೂರು ಏರಿಸಿದರೆ, ಎಲ್ಲಿ ಮೈ ಮುಗಿಯಿತು, ಎಲ್ಲಿ ಸ್ಪಂಜು ಶುರುವಾಯಿತು ಎನ್ನುವುದೇ ಗೊತ್ತಾಗುವುದಿಲ್ಲ. ಜಾರುವುದೂ ಇಲ್ಲ. ನಾನು ಅವನಿಗೆ ಲಾಡಿ ನೆರಿಗೆ ಕಲಿಸಿದೆ. ಅವನು ನನಗೆ ಇದನ್ನು ಕೊಟ್ಟ. ನಮ್ಮ ಪಂಚೆ ಸುತ್ತು ಅಲ್ಲಿಗೆ ಮುಗಿಯಿತು.

ಅವನ ಬದುಕು ಬೇರೆ, ನನ್ನದು ಬೇರೆ. ನಾನು ಆಟ ಮುಗಿಸಿ ಬಣ್ಣ ತೆಗೆದರೆ ಗಂಡಸು, ಅದರಲ್ಲಿ ನನಗೆ ಗೊಂದಲ ಇಲ್ಲ. ಅವನು ತನ್ನ ಬಗ್ಗೆ ಹೇಳಿಕೊಂಡದ್ದು ಅವನದ್ದೇ ಮಾತು, ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಕನ್ನಡಿ ಮುಂದೆ ಕೂತಾಗ ಇಬ್ಬರೂ ಮೊದಲು ಭುಜವನ್ನೇ ನೋಡಿಕೊಂಡೆವು.

ಈ ಮಳೆಗಾಲದಲ್ಲಿ ಮೇಜಿನ ಮೇಲೆ ಇರುವುದು ಹನ್ನೆರಡು ವರ್ಷದ ಹುಡುಗಿಯ ರವಿಕೆ. ಈಗ ಯಕ್ಷಗಾನ ಕಲಿಯಲು ಹೆಣ್ಣುಮಕ್ಕಳು ತುಂಬಾ ಬರುತ್ತಿದ್ದಾರೆ, ನನಗೆ ಅದು ನಿಜವಾದ ಸಂತೋಷ. ಇಷ್ಟು ವರ್ಷ ಗಂಡಿನ ಮೈಗೆ ಕತ್ತರಿಸಿ ಅಭ್ಯಾಸವಾದ ಕೈ, ಭುಜ ಇಳಿಸಲು ತಾನಾಗಿಯೇ ಚಾಕ್ ಒಳಗೆ ಎಳೆಯಿತು. ಅಳಿಸಿ ಮತ್ತೆ ಗೀಟು ಹಾಕಿದೆ. ಅವಳಿಗೆ ಭುಜ ಇಳಿಸುವುದು ಬೇಡ. ಹಾಕಿ ನೋಡಲು ಕೊಟ್ಟೆ. ಕನ್ನಡಿ ಮುಂದೆ ನಿಂತು ಎರಡೂ ಕೈ ಮೇಲೆತ್ತಿದಳು, ಆಮೇಲೆ ಕಂಕುಳು ಮುಟ್ಟಿಕೊಂಡು ಹೇಳಿದಳು, "ಮಾವ, ಇಲ್ಲ್ ಎಳಿತ್."

ಕಂಕುಳಿನ ಚೌಕ ತುಂಡನ್ನು ಅವಳದ್ದಕ್ಕೂ ಕತ್ತರಿಸುತ್ತಿದ್ದೇನೆ.