ಬೂದಿದಿಬ್ಬ ಓದಲು ನಾನು ಕಲಿತ ಬಗೆ

ಮೂರು ಚಳಿಗಾಲ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ನೆಲ ನೋಡುತ್ತ ತಿರುಗಿದ್ದೇನೆ. ಕೃಷ್ಣಾ, ತುಂಗಭದ್ರಾ ನದಿಗಳ ಆಸುಪಾಸಿನ ಈ ಬಯಲಲ್ಲಿ ನೂರಕ್ಕೂ ಹೆಚ್ಚು ಬೂದಿದಿಬ್ಬಗಳಿವೆ, ಅಂದರೆ ಹೊಸ ಶಿಲಾಯುಗದ ಜನ ಸಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆಗಳು. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ಇವು ದನದ ದೊಡ್ಡಿಗಳ ಕುರುಹು ಎಂದು 19ನೇ ಶತಮಾನದಲ್ಲೇ ಹೇಳಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್‌ ಅವರಿಗೆ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು.

ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ಮೊದಲ ವರ್ಷ ಹುಡುಕಾಟವನ್ನು ಹೊಳೆ ದಂಡೆಯಿಂದ ಶುರುಮಾಡಿ ಎರಡು ವಾರ ಕಳೆದುಕೊಂಡೆ. ನದಿ ಇದ್ದಲ್ಲಿ ಊರು ಎಂಬ ಲೆಕ್ಕ ತಲೆಯಲ್ಲಿ ಕೂತಿತ್ತು. ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ದಾರಿಗೆ ತಂದರು. "ಹೊಳಿ ಕಡೆ ಯಾಕ ಹೊಂಟಿ ತಮ್ಮಾ? ದನ ತರುಬಾಕ ಗುಡ್ಡದ ಬುಡ ಬೇಕು. ಬಂಡಿ ಮ್ಯಾಲಿನ ಮಳಿ ನೀರು ಇಳಿದು ಅಲ್ಲೇ ನಿಲ್ತೈತಿ."

ಅವರ ಮಾತು ಹಿಡಿದು ಮತ್ತೆ ನಡೆದಾಗ ಸೀಮೆಯೇ ಬೇರೆಯಾಗಿ ಕಂಡಿತು. ಗ್ರಾನೈಟ್ ಗುಡ್ಡ, ಅದರ ಬುಡಕ್ಕೆ ಕೆಂಪು ಮಸಾರಿ, ಅದರಾಚೆ ಕಣ್ಣು ಹರಿಯುವಷ್ಟು ಎರೆಯ ಕಪ್ಪು ನೆಲ. ಮಳೆ ಕಡಿಮೆ, ಬಂದದ್ದೂ ಬಂಡೆಯ ಮೇಲೆ ಜಾರಿ ಗುಡ್ಡದ ಮಗ್ಗುಲಿಗೆ ಇಳಿಯುತ್ತದೆ. ಮಸಾರಿ ಹಗುರ ಮಣ್ಣು, ಕಬ್ಬಿಣದ ಸಲಕರಣೆ ಇಲ್ಲದ ಕೈಗೂ ಒಗ್ಗುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲು, ಕುಪಗಲ್ಲುಗಳಲ್ಲಿ ಹೊಸ ಶಿಲಾಯುಗದ ಜನ ನೆಲೆ ನಿಂತದ್ದು ಗುಡ್ಡದ ಮೇಲೂ ಮಗ್ಗುಲಲ್ಲೂ. ಕೊಡಲಿಗೆ ಬೇಕಾದ ಕಪ್ಪು ಡಾಲರೈಟ್ ಕಲ್ಲು ಕುಪಗಲ್ಲಿನಲ್ಲೇ ಇತ್ತು. ಅದೇ ಬಂಡೆಗಳ ಮೇಲೆ ಕೊಂಬು ಚಾಚಿದ ಗೂಳಿಗಳನ್ನೂ ಕೊರೆದರು.

ಅನುಮತಿ ಪಡೆದ ತಂಡದೊಂದಿಗೆ ನಾನು ಕೆಲಸ ಮಾಡಿದ ದಿಬ್ಬದ ಒಂದು ಮಗ್ಗುಲನ್ನು ರೈತರು ಮೊದಲೇ ಗೊಬ್ಬರಕ್ಕೆಂದು ಕಡಿದಿದ್ದರು. ಆ ಕಡಿದ ಗೋಡೆಯೇ ನಮಗೆ ಪುಸ್ತಕವಾಯಿತು. ಕರಣೆಯಿಂದ ಮೇಲಿನಿಂದ ಕೆಳಕ್ಕೆ ಕೆರೆಯಬೇಕು, ಬ್ರಷ್ ಆಡಿಸಬೇಕು, ತುಸು ನೀರು ಚಿಮುಕಿಸಬೇಕು. ಒಣಗಿದಾಗ ಒಂದೇ ಬೂದುಬಣ್ಣವಾಗಿದ್ದ ಗೋಡೆ ಒದ್ದೆಯಾದೊಡನೆ ಪದರ ಪದರವಾಗಿ ಬಿಡಿಸಿಕೊಂಡಿತು: ಸುಡದ ಸಗಣಿಯ ಕಂದು ಪಟ್ಟಿ, ಮೆತ್ತನೆಯ ಬಿಳಿ ಬೂದಿ, ಮತ್ತೆ ಕಂದು. ನಡುನಡುವೆ ಗಾಜಿನಂತೆ ಕರಗಿ ಗಟ್ಟಿಯಾದ ಹಸಿರುಗಪ್ಪು ಉಂಡೆಗಳು. ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ, ಜೇನುಗೂಡಿನ ಹಾಗೆ ತೂತುತೂತು, ಗಾತ್ರಕ್ಕೆ ತೂಕವೇ ಇಲ್ಲ. ದನ ಮೇಯ್ದ ಹುಲ್ಲಿನ ಸಿಲಿಕಾ, ಅಂದರೆ ಮರಳಿನಲ್ಲಿರುವ ಅದೇ ಅಂಶ, ಬೆಂಕಿಯ ತಾಪಕ್ಕೆ ಕರಗಿ ಹೀಗಾಗಿದೆ. ಒಲೆಯಲ್ಲಿ ಕುಳ್ಳು ಉರಿದರೆ ಇಂಥ ಉಂಡೆ ಆಗುವುದಿಲ್ಲ. ಆಕಸ್ಮಿಕವಾಗಿ ಬೆಂಕಿ ಬಿದ್ದಿದ್ದರೆ ಇಷ್ಟು ಪದರಗಳಲ್ಲಿ ಮತ್ತೆ ಮತ್ತೆ ಹೀಗೆ ಆಗುತ್ತಿರಲಿಲ್ಲ. ರಾಶಿ ಹಾಕಿ, ಬೇಕೆಂದೇ, ಬಹುಶಃ ಹಬ್ಬದಂತೆ ಸುಟ್ಟಿದ್ದಾರೆ ಎಂದೇ ನನ್ನ ನಂಬಿಕೆ.

ದಿಬ್ಬದ ಪಕ್ಕದ ವಸತಿ ನೆಲದ ಪ್ರತಿ ಪದರದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ, ಕೈಯಿಂದ ಮೆಲ್ಲಗೆ ತಿರುವಿ, ತೇಲಿದ್ದನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸುತ್ತಿದ್ದೆವು. ಸುಟ್ಟು ಕರಿಯಾದ ಕಾಳು ನೀರಲ್ಲಿ ತೇಲುತ್ತದೆ. ಮೊದಲ ಮಾದರಿಗಳನ್ನು ಅವಸರಕ್ಕೆ ಬಿಸಿಲಲ್ಲಿ ಒಣಗಿಸಿ ಕಾಳುಗಳೆಲ್ಲ ಸೀಳಿ ಹೋದವು. ಆ ಪದರ ಮತ್ತೆ ಸಿಗುವಂಥದ್ದಲ್ಲ, ಆ ನೋವು ಇಂದಿಗೂ ಇದೆ. ಆಮೇಲಿನದನ್ನು ಬಟ್ಟೆಯಲ್ಲಿ ಕಟ್ಟಿ ನೆರಳಲ್ಲಿ ತೂಗುಹಾಕಿದೆವು. ಒಂದು ಸಂಜೆ ಭೂತಗನ್ನಡಿಯ ಕೆಳಗೆ ಹುರುಳಿ ಕಾಳು ಕಂಡಿತು. ಮನೆಯಲ್ಲಿ ಅವ್ವ ಮೊರದಲ್ಲಿ ಕೇರುವ ಅದೇ ಚಪ್ಪಟೆ ಆಕಾರ, ಬರೀ ಕಪ್ಪು. ಈ ಕಾಲದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ ಸಿಗುವುದು ಗೊತ್ತಿದ್ದ ಸಂಗತಿಯೇ. ಕೆರೆ ಕಾಲುವೆ ಇಲ್ಲದೆ ಮುಂಗಾರಿನಲ್ಲೇ ಬೆಳೆಯುವ ಬೆಳೆಗಳು. ಆದರೂ ಕೈ ನಡುಗಿತು.

ಕ್ರಿ.ಪೂ. 3000ದಿಂದ 1200ರವರೆಗಿನ ಈ ಬದುಕು ನೆಲಕ್ಕೆ ಏನು ಮಾಡಿತು ಎಂಬುದೇ ನನಗೆ ಮುಖ್ಯ ಪ್ರಶ್ನೆ. ದನಗಳು ಹಗಲೆಲ್ಲ ದೂರದ ಹುಲ್ಲು ಮೇಯ್ದು ರಾತ್ರಿ ಒಂದೇ ದೊಡ್ಡಿಯಲ್ಲಿ ಸಗಣಿ ಹಾಕಿದವು. ಸುತ್ತಲ ಬಯಲಿನ ಸಾರ ತಲೆಮಾರುಗಳ ಕಾಲ ಒಂದು ಕಡೆ ಬಂದು ಬಿತ್ತು. ಕಬ್ಬಿಣ ಬಂದ ಮೇಲೆ ಜನ ಎರೆ ಬಯಲಿಗೆ ಇಳಿದರು, ದಿಬ್ಬಗಳು ಹಾಗೇ ಉಳಿದವು.

ನಮ್ಮ ಕೊನೆಯ ವಾರ ದಿಬ್ಬದ ಮಣ್ಣನ್ನು ಗೊಬ್ಬರಕ್ಕೆ ಒಯ್ಯಲು ಟ್ರ್ಯಾಕ್ಟರ್ ಬಂತು. ಹೊಲದ ಯಜಮಾನರನ್ನು ಕೂರಿಸಿಕೊಂಡು ಗೋಡೆಯ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ಆಗಿನ ದನದ ಗೊಬ್ಬರ, ಈಗ ನನ್ನ ಜ್ವಾಳಕ್ಕ" ಅಂದರು. ಸಡಿಲ ಮಣ್ಣನ್ನಷ್ಟೇ ತುಂಬಿಸಿ, ನಾವು ಕೆರೆದ ಗೋಡೆಯ ಮುಂದೆ ಜಾಲಿ ಮುಳ್ಳು ಎಳೆದು ಬೇಲಿ ಹಾಕಿದರು.