ಕೆರೆ ಪಕ್ಕ ಗಾಲ್ಫ್ ಮೈದಾನ ಬರುತ್ತಿದೆಯೇ? ವರದಿಯನ್ನು ಹೀಗೆ ಓದಿ

ಗಾಲ್ಫ್ ರೆಸಾರ್ಟ್ ಬರುತ್ತದಂತೆ ಅನ್ನುವ ಸುದ್ದಿ ಊರಿಗೆ ಬಂದರೆ ಚರ್ಚೆ ಎರಡೇ ಮಾತಿಗೆ ನಿಂತುಬಿಡುತ್ತದೆ. ‘ನಮ್ಮ ಹುಡುಗರಿಗೆ ಕೆಲಸ ಸಿಗುತ್ತೆ’ ಅಂತ ಒಬ್ಬರು, ‘ದುಡ್ಡಿದ್ದವರ ಆಟ ನಮಗ್ಯಾಕೆ’ ಅಂತ ಇನ್ನೊಬ್ಬರು. ಪಕ್ಕದ ಕೆರೆಯ ಗತಿ ಏನಾಗುತ್ತದೆ ಅನ್ನುವುದು ಮಾತ್ರ ಇದರಿಂದ ತಿಳಿಯುವುದಿಲ್ಲ. ತಿಳಿಯಬೇಕಾದರೆ ಕಂಪನಿ ಸರ್ಕಾರಕ್ಕೆ ಕೊಟ್ಟ ಪರಿಸರ ವರದಿ ಓದಬೇಕು. ಅದು ಇಂಗ್ಲಿಷ್‌ನಲ್ಲಿರುತ್ತದೆ, ಪುಟಗಳೂ ಜಾಸ್ತಿ. ಆದರೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಹಿಡಿದುಕೊಂಡು ಹೋದರೆ ಓದಲೇಬೇಕಾದ ಪುಟಗಳು ಕಡಿಮೆಯೇ.

ಮೊದಲು ಅರ್ಜಿ ಹುಡುಕಿ

ಪರಿಸರ ಅನುಮತಿಯ ಅರ್ಜಿಗಳೆಲ್ಲ ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ಇರುತ್ತವೆ. ಅಲ್ಲಿ ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಭೂ ಪರಿವರ್ತನೆಯ ಕಡತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಇಲ್ಲೊಂದು ವಿಚಿತ್ರ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಲ್ಫ್ ಮೈದಾನ ಅನ್ನುವ ಹೆಸರೇ ಇಲ್ಲ. ಅದರ ಜೊತೆಗೆ ಬರುವ ವಿಲ್ಲಾ, ಹೋಟೆಲ್, ಕ್ಲಬ್‌ಹೌಸ್‌ಗಳಿಂದಾಗಿ ಯೋಜನೆ ‘ಕಟ್ಟಡ ಮತ್ತು ಟೌನ್‌ಶಿಪ್’ ವಿಭಾಗಕ್ಕೆ ಬರುತ್ತದೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಅನುಮತಿ ಬೇಕು. 50 ಹೆಕ್ಟೇರ್ ಜಾಗ ಅಥವಾ 1,50,000 ಚದರ ಮೀಟರ್ ಕಟ್ಟಡ ಆದರೆ ಪರಿಶೀಲನೆ ಇನ್ನೂ ಬಿಗಿ. 50 ಹೆಕ್ಟೇರ್ ಅಂದರೆ ಸುಮಾರು 124 ಎಕರೆ. ಅರ್ಜಿಯಲ್ಲಿ 120 ಎಕರೆ ಅಂತ ಇದ್ದು, ಜಾಹೀರಾತಿನಲ್ಲಿ ‘ಮೊದಲ ಹಂತ’ ಅಂತ ಇದ್ದರೆ ಎರಡನೇ ಹಂತದ ಜಾಗ ಎಲ್ಲಿದೆ ಅಂತ ಕೇಳಲೇಬೇಕು.

ಇನ್ನೊಂದು ವಿಷಯ. ಈ ವಿಭಾಗದ ಯೋಜನೆಗಳಿಗೆ ಅಧಿಸೂಚನೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಕೊಟ್ಟಿದೆ. ಅಧಿಕಾರಿಗಳು ಊರಿಗೆ ಬಂದು ಮೈಕ್ ಇಟ್ಟು ನಿಮ್ಮ ಅಭಿಪ್ರಾಯ ಕೇಳುತ್ತಾರೆ ಅಂತ ಸುಮ್ನೆ ಕಾಯಬೇಡಿ.

ಕೆರೆಗೆ ಯಾವ ಕಾನೂನಿನ ರಕ್ಷಣೆ?

2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ ಕಳೆದ 10 ವರ್ಷದ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಓದಲು ಚೆನ್ನಾಗಿದೆ. ಆದರೆ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ‘ರಾಮ್ಸಾರ್’ ಪಟ್ಟಿಯ ತಾಣಗಳಿಗೆ ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಿಗೆ ಮಾತ್ರ. ನೀರಾವರಿಗೆ, ಕುಡಿಯುವ ನೀರಿಗೆ ಅಂತ ಮನುಷ್ಯರೇ ಕಟ್ಟಿದ ಕೆರೆಗಳನ್ನು ಈ ನಿಯಮ ಹೊರಗಿಟ್ಟಿದೆ. ಕರ್ನಾಟಕದ ಕೆರೆಗಳಲ್ಲಿ ಹೆಚ್ಚಿನವು ಅವೇ ಅಲ್ವಾ? ತಮಾಷೆ ಏನೆಂದರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನ ಕಟ್ಟಿದ ಕೆರೆಗಳೇ.

ಹಾಗಾಗಿ ನಿಮ್ಮ ಕೆರೆ ಎಲ್ಲಿ ನಿಲ್ಲುತ್ತದೆ ನೋಡಿ. ಸಾಮಾನ್ಯ ಕೆರೆಗೆ 2014ರ ರಾಜ್ಯದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ. ಇಸ್ರೊ ಉಪಗ್ರಹ ಚಿತ್ರದಿಂದ ಗುರುತಿಸಿದ 2,01,503 ಜೌಗು ಪ್ರದೇಶಗಳನ್ನು ಕಾಪಾಡಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. 2.25 ಹೆಕ್ಟೇರ್‌ಗಿಂತ ದೊಡ್ಡವು ಆ ಪಟ್ಟಿಯಲ್ಲಿವೆ. ಅದರಲ್ಲಿ ನಿಮ್ಮ ಕೆರೆ ಇದ್ದರೆ ಆಕ್ಷೇಪಣೆಗೆ ಬಲ ಬರುತ್ತದೆ.

‘ಕೆರೆಯಿಂದ 75 ಮೀಟರ್ ಬಿಡಬೇಕು’ ಅಂತ ಹಳೆಯ ಸುದ್ದಿಗಳಲ್ಲಿ ಓದಿರುತ್ತೀರಿ. ಅದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳ ಬಗ್ಗೆ ಹೇಳಿದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಿಮ್ಮ ಪತ್ರದಲ್ಲಿ ಅದನ್ನೇ ಬರೆದರೆ ಕಂಪನಿಯ ವಕೀಲರಿಗೆ ಖುಷಿಯೋ ಖುಷಿ.

ಗ್ರಾಮ ನಕ್ಷೆಯ ಮೇಲೆ ಯೋಜನೆಯ ನಕ್ಷೆ ಇಡಿ

ಒಂದೇ ಒಂದು ಕೆಲಸಕ್ಕೆ ಸಮಯ ಇದೆ ಅಂದರೆ ಇದನ್ನು ಮಾಡಿ. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಹಳ್ಳ, ಕಾಲುವೆ, ಕುಂಟೆ, ಗೋಕಟ್ಟೆ ಎಲ್ಲ ಅದರಲ್ಲಿ ಗೆರೆ ಹಾಕಿ ತೋರಿಸಿರುತ್ತಾರೆ. ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅಂತ ನೋಡಿ. ‘ಬಿ’ ಖರಾಬು ಅಂತಿದ್ದರೆ ಅದು ಸಾರ್ವಜನಿಕರದ್ದು: ಹಳ್ಳ, ದಾರಿ, ಕೆರೆ ಅಂಗಳ ಇತ್ಯಾದಿ.

ಈಗ ಯೋಜನೆಯ ನಕ್ಷೆಯಲ್ಲಿ ಆ ಹಳ್ಳಗಳು ಏನಾಗಿವೆ ಹುಡುಕಿ. ಕೆಲವು ಕಡೆ ‘ಭೂದೃಶ್ಯ’ ಅಂತ ಹಸಿರು ಬಣ್ಣ ಬಳಿದಿರುತ್ತಾರೆ. ಕೆಲವು ಕಡೆ ಹಳ್ಳವನ್ನು ತಿರುಗಿಸಿ ಚೆಂಡು ಬೀಳಿಸುವ ಹದಿನೆಂಟು ಗುಂಡಿಗಳ ನಡುವಿನ ಅಲಂಕಾರದ ಕೊಳಕ್ಕೆ ಸೇರಿಸಿರುತ್ತಾರೆ. ಆ ಕೊಳ ತುಂಬಿ ಕೋಡಿ ಬಿದ್ದ ಮೇಲೆ ತಾನೇ ಕೆಳಗಿನ ಕೆರೆಗೆ ನೀರು? ಕಡಿಮೆ ಮಳೆಯ ವರ್ಷ ಅದು ತುಂಬುವುದೇ ಇಲ್ಲ. ವರದಿ ಯೋಜನೆಯ ಬೇಲಿಯ ಒಳಗಿನ ಲೆಕ್ಕ ಮಾತ್ರ ಕೊಟ್ಟಿದ್ದರೆ, ಬೇಲಿಯ ಆಚೆ ಕೆಳಗಿರುವ ಕೆರೆ, ಅದರ ತೂಬು, ಅಚ್ಚುಕಟ್ಟು ಎಷ್ಟು ಎಕರೆ ಅಂತ ನೀವೇ ಬರೆದು ಸೇರಿಸಿ. ಊರಿನ ನೀರುಗಂಟಿಯನ್ನು ಕೇಳಿ. ಯಾವ ಹಳ್ಳ ಯಾವ ಮಳೆಗೆ ಹರಿಯುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಕನ್ಸಲ್ಟೆಂಟ್‌ಗಳಿಗೆ ಗೊತ್ತಿರುವುದಿಲ್ಲ.

ಕೆರೆಯೇ ಮೈದಾನವಾದ ಉದಾಹರಣೆ ಬೇಕಿದ್ದರೆ ಬೆಂಗಳೂರಿನ ಚಲ್ಲಘಟ್ಟ ಇದೆ. ಅಲ್ಲಿನ ಕೆರೆಯ ಜಾಗದಲ್ಲಿ ಈಗ ಆಡುವುದು ಗಾಲ್ಫ್.

ನೀರಿನ ಲೆಕ್ಕವನ್ನು ನೀವೇ ಮಾಡಿ

ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ 10,000 ಲೀಟರ್. ಇಷ್ಟು ನೆನಪಿಟ್ಟುಕೊಂಡರೆ ಸಾಕು. 18 ಗುಂಡಿಗಳ ಮೈದಾನದಲ್ಲಿ 25 ಹೆಕ್ಟೇರ್ ಹುಲ್ಲಿಗೆ ನೀರು ಹಾಯಿಸುತ್ತಾರೆ ಅಂದುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಬೇಕೆಂದರೆ 12.5 ಲಕ್ಷ ಲೀಟರ್ ಆಯಿತು. ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ 22,000ಕ್ಕೂ ಹೆಚ್ಚು ಜನರ ಪಾಲು.

‘ನಾವು ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸುತ್ತೇವೆ’ ಅಂತ ವರದಿ ಹೇಳಬಹುದು. ಒಳ್ಳೆಯ ಮಾತು. ಆದರೆ 200 ವಿಲ್ಲಾ, ಮನೆಗೆ ಐದು ಜನ, ಒಬ್ಬರಿಗೆ 135 ಲೀಟರ್ ಅಂತ ಹಿಡಿದರೂ ಬಳಕೆಯೇ 1.35 ಲಕ್ಷ ಲೀಟರ್. ಅದರಲ್ಲಿ ಒಂದು ಹನಿಯೂ ಹಾಳಾಗದೆ ವಾಪಸ್ ಬಂದರೂ ಮೈದಾನಕ್ಕೆ ಬೇಕಾದ್ದರಲ್ಲಿ ಒಂಬತ್ತನೇ ಒಂದು ಪಾಲು. ಉಳಿದದ್ದು ಎಲ್ಲಿಂದ? ಉತ್ತರ ಕೊಳವೆಬಾವಿ ಅಂತಿದ್ದರೆ ಎಷ್ಟು ಬಾವಿ, ಎಷ್ಟು ಅಡಿ, ಕೆರೆಯಿಂದ ಎಷ್ಟು ದೂರ ಅಂತ ಕೇಳಿ. ವರದಿಯಲ್ಲಿ ವರ್ಷದ ಸರಾಸರಿ ಮಾತ್ರ ಕೊಟ್ಟಿದ್ದರೆ ಏಪ್ರಿಲ್ ತಿಂಗಳ ಲೆಕ್ಕ ಬೇಕು ಅನ್ನಿ.

ಗೊಬ್ಬರ, ಔಷಧಿ

ಚೆಂಡು ಗುಂಡಿಗೆ ಬೀಳುವ ನುಣುಪಾದ ಹುಲ್ಲಿನ ಜಾಗಕ್ಕೆ ‘ಗ್ರೀನ್’ ಅನ್ನುತ್ತಾರೆ. ಅತಿ ಹೆಚ್ಚು ಆರೈಕೆ ಅದಕ್ಕೆ. ಮರಳಿನ ಮೇಲೆ ಅದನ್ನು ಬೆಳೆಸಿ, ಅಡಿಯಲ್ಲಿ ತೂತಿನ ಪೈಪ್ ಹಾಕಿರುತ್ತಾರೆ. ಗೊಬ್ಬರ, ಶಿಲೀಂಧ್ರನಾಶಕ ಮಳೆಯಲ್ಲಿ ಕೊಚ್ಚಿ ಆ ಪೈಪ್ ಹಿಡಿದು ಹೋಗಬಹುದು. ಪೈಪಿನ ತುದಿ ಎಲ್ಲಿದೆ? ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಸಾರಜನಕ, ರಂಜಕ ಕೆರೆಗೆ ಸೇರಿದರೆ ಪಾಚಿ ಹಬ್ಬುತ್ತದೆ, ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಯಾವ್ಯಾವ ಔಷಧಿ, ಎಷ್ಟು, ನೀರಿನ ಅಂಚಿನಿಂದ ಎಷ್ಟು ದೂರದವರೆಗೆ ಹೊಡೆಯುವುದಿಲ್ಲ ಅಂತ ಪಟ್ಟಿ ಕೇಳಿ.

ಹಕ್ಕಿ ಎಣಿಸಿದ ತಿಂಗಳು ಯಾವುದು?

ಸಮೀಕ್ಷೆಯ ದಿನಾಂಕ ನೋಡಿ. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲದಲ್ಲಿ. ಕಪ್ಪೆಗಳು ಸಿಗುವುದು ಮಳೆಗಾಲದಲ್ಲಿ. ಏಪ್ರಿಲ್‌ನಲ್ಲಿ ಹೋಗಿ ‘ವಿಶೇಷ ಜೀವಿಗಳು ಕಂಡುಬಂದಿಲ್ಲ’ ಅಂತ ಬರೆದರೆ ಆ ವಾಕ್ಯಕ್ಕೆ ಬೆಲೆ ಇಲ್ಲ. ‘ಇ-ಬರ್ಡ್’ ತಾಣದಲ್ಲಿ ನಿಮ್ಮ ಕೆರೆಯ ಹೆಸರು ಹುಡುಕಿ, ಪಕ್ಷಿವೀಕ್ಷಕರು ಹಾಕಿರುವ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೋಲಿಸಿ.

‘ಬದಲಿ ಕೆರೆ ಕಟ್ಟಿಕೊಡುತ್ತೇವೆ’

ಈ ಮಾತಿಗೆ ಬೇಗ ಮರುಳಾಗುತ್ತೇವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೊಳದಲ್ಲಿ ವರ್ಷವಿಡೀ ನೀರಿರುತ್ತದೆ, ನಿಜ. ಆದರೆ ನೀರು ಇಳಿದಾಗ ಸಿಗುವ ಕೆಸರಿನ ಅಂಚು ಇರುವುದಿಲ್ಲ. ಗೊರವ, ಮೆಟ್ಟುಗಾಲು ಹಕ್ಕಿ ಮೇಯುವುದು ಆ ಕೆಸರಿನಲ್ಲೇ. ಹಾಳೆಯ ಅಡಿಗೆ ನೀರೂ ಇಂಗುವುದಿಲ್ಲ.

ಸ್ಕಾಟ್‌ಲೆಂಡ್‌ನ ಎರಡು ಪ್ರಕರಣ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಮೆನೀ ಎಂಬಲ್ಲಿ ಡೊನಾಲ್ಡ್ ಟ್ರಂಪ್ ಅವರ ಕಂಪನಿಗೆ ಸಂರಕ್ಷಿತ ಮರಳು ದಿಬ್ಬಗಳ ಮೇಲೆ ಮೈದಾನ ಮಾಡಲು ಸರ್ಕಾರ 2008ರಲ್ಲಿ ಒಪ್ಪಿತು. ಉದ್ಯೋಗ, ಹೂಡಿಕೆಯ ಲಾಭ ದೊಡ್ಡದು ಅಂತ ಕಾರಣ ಕೊಟ್ಟಿತು. 2012ರಲ್ಲಿ ಆಟ ಶುರುವಾಯಿತು. 2020ರ ಡಿಸೆಂಬರ್‌ನಲ್ಲಿ ಮೈದಾನದ ಭಾಗದ ದಿಬ್ಬಗಳ ಸಂರಕ್ಷಿತ ಪಟ್ಟವೇ ಹೋಯಿತು, ಯಾಕೆಂದರೆ ಕಾಪಾಡಬೇಕಾದ್ದು ಅಲ್ಲಿ ಉಳಿದಿರಲಿಲ್ಲ. ಇನ್ನೊಂದು ಕೂಲ್ ಲಿಂಕ್ಸ್. ಅಲ್ಲಿ ದಿಬ್ಬಗಳ ನಡುವಿನ ತಗ್ಗುಗಳು ಚಳಿಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುತ್ತವೆ. ಅಲ್ಲಿನ ಕರಾವಳಿಯ ಸಣ್ಣ ಪಟ್ಟಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣದ ಒಂದು ನೊಣವೂ ಅಲ್ಲಿದೆ. 2018ರಲ್ಲಿ ಸ್ಥಳೀಯ ಕೌನ್ಸಿಲ್ ತನ್ನದೇ ಅಧಿಕಾರಿಗಳ ಸಲಹೆ ಮೀರಿ ಒಪ್ಪಿತ್ತು. ಬಹಿರಂಗ ವಿಚಾರಣೆ ನಡೆದ ಮೇಲೆ 2020ರ ಫೆಬ್ರುವರಿಯಲ್ಲಿ ಸರ್ಕಾರ ತಿರಸ್ಕರಿಸಿತು. 2023ರಲ್ಲಿ ಅದೇ ಜಾಗಕ್ಕೆ ಹೊಸ ಅರ್ಜಿ ಬಂತು. ಒಮ್ಮೆ ತಿರಸ್ಕಾರವಾಯಿತು ಅಂತ ಕಡತವನ್ನು ರದ್ದಿಗೆ ಹಾಕಬೇಡಿ.

ಪತ್ರ ಮತ್ತು ಗಡುವು

ಆಕ್ಷೇಪಣೆ ಎರಡು ಪುಟ ಮೀರದಿರಲಿ. ‘ಪರಿಸರ ನಾಶ’ ಅನ್ನುವ ಬದಲು ‘ವರದಿಯ ಇಂಥ ಪುಟದಲ್ಲಿ ಹಳ್ಳ ಇಲ್ಲ ಎಂದಿದೆ, ಗ್ರಾಮ ನಕ್ಷೆಯಲ್ಲಿ ಇಂಥ ಸರ್ವೆ ನಂಬರ್‌ನಲ್ಲಿ ಇದೆ’ ಅಂತ ಬರೆಯಿರಿ. ಫೋಟೊ, ದಿನಾಂಕ, ನಕ್ಷೆ ಲಗತ್ತಿಸಿ. ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ ಮತ್ತು ಅದರ ತಜ್ಞರ ಸಮಿತಿಗೆ, ಆ ವಿಷಯ ಸಭೆಗೆ ಬರುವ ಮೊದಲೇ ತಲುಪಿಸಿ. ಗ್ರಾಮ ಪಂಚಾಯಿತಿಯ ನಿರ್ಣಯ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಅನುಮತಿ ಸಿಕ್ಕೇಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ. ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಅದಾದ ಮೇಲೆ ಇಲ್ಲ. ಕರ್ನಾಟಕದವರಿಗೆ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಮೈದಾನ ಬಂದ ಮೇಲೂ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ವರದಿ ಬಂದಾಗ ಕೊಳವೆಬಾವಿಯ ಮೀಟರ್ ಲೆಕ್ಕ ಇದೆಯೇ ಅಂತ ಮೊದಲು ನೋಡಿ, ಬೇಸಿಗೆಯಲ್ಲಿ ಎತ್ತಿದ ನೀರು ಅದರಲ್ಲಿ ಕಾಣಬೇಕು.