ಬಾವಿ ಪಂಪು ಕ್ಷಣಕ್ಷಣಕ್ಕೂ ನಿಂತು ಓಡುತ್ತಿದೆಯೇ? ಮೊದಲು ಟ್ಯಾಂಕಿನ ಗಾಳಿ ನೋಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಹೆಂಚಿನ ಮನೆಗಳಲ್ಲಿ ಮೇಲೆ ಸಿಂಟೆಕ್ಸ್ ಇಡಲು ತಾರಸಿ ಇರುವುದಿಲ್ಲ. ಹಾಗಾಗಿ ಬಾವಿಯ ನೀರನ್ನು ಪ್ರೆಷರ್ ಪಂಪಿನಿಂದ ನೇರ ನಲ್ಲಿಗೆ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಒಂದೆರಡು ವರ್ಷದಲ್ಲಿ ಪಂಪು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೋಟರ್ ಪ್ರತಿ ಸಲ ಶುರುವಾಗುವಾಗಲೂ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ಕೆಪಾಸಿಟರ್, ಸ್ವಿಚ್ಚಿನ ಪಾಯಿಂಟ್, ಕೊನೆಗೆ ವೈಂಡಿಂಗ್ ಸುಟ್ಟುಹೋಗುತ್ತವೆ. ಜನ ಹೊಸ ಮೋಟರ್ ತರುತ್ತಾರೆ. ತಿಂಗಳು ಕಳೆಯುವುದರೊಳಗೆ ಅದೂ ಅದೇ ರಾಗ ಹಾಡುತ್ತದೆ. ತಪ್ಪು ಮೋಟರಿನದ್ದಲ್ಲವಲ್ಲ!

ಮೊದಲು ಸುಮ್ಮನೆ ನಿಂತು ಗಮನಿಸಿ. ನಲ್ಲಿ ಬಿಟ್ಟಾಗ ಸೆಕೆಂಡಿನ ಲೆಕ್ಕದಲ್ಲಿ ನಿಂತು ಓಡಿದರೆ ಪಂಪಿನ ಪಕ್ಕದ ಪ್ರೆಷರ್ ಟ್ಯಾಂಕಿನ ಗಾಳಿ ಹೋಗಿದೆ. ಎಲ್ಲ ನಲ್ಲಿ ಮುಚ್ಚಿದ್ದರೂ ರಾತ್ರಿಯೆಲ್ಲ ಆಗಾಗ ಗುಂಯ್ ಎಂದರೆ ಎಲ್ಲೋ ನೀರು ಸೋರುತ್ತಿದೆ. ಚೆನ್ನಾಗಿ ಓಡಿ, ಬಿಸಿಯಾಗಿ ನಿಂತು, ತಣ್ಣಗಾದ ಮೇಲೆ ತಾನೇ ಶುರುವಾದರೆ ವೋಲ್ಟೇಜ್ ಕಡಿಮೆ ಇರಬಹುದು ಅಥವಾ ಬಾವಿಯಲ್ಲಿ ನೀರು ಇಳಿದಿರಬಹುದು. ಫೆಬ್ರವರಿ–ಮಾರ್ಚಿನಲ್ಲಿ ಸುತ್ತಲಿನ ತೋಟಗಳಲ್ಲೆಲ್ಲ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಇವೆರಡನ್ನೂ ನೋಡಲೇಬೇಕು.

ಈಗ ಗಾಳಿಯ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ಈ ಟ್ಯಾಂಕಿನೊಳಗೆ ರಬ್ಬರ್ ಚೀಲವಿದೆ, ಅದರೊಳಗೆ ನೀರು, ಸುತ್ತ ಗಾಳಿ. ಅಮುಕಿದ ಗಾಳಿ ನೀರನ್ನು ನಲ್ಲಿಗೆ ತಳ್ಳುತ್ತಿರುವಷ್ಟು ಹೊತ್ತು ಮೋಟರಿಗೆ ವಿಶ್ರಾಂತಿ. ಒತ್ತಡ 20ಕ್ಕೆ ಇಳಿದಾಗ ಶುರುವಾಗಿ 40 ಪಿಎಸ್‌ಐಗೆ ನಿಲ್ಲುವ ಪಂಪಿನಲ್ಲಿ, ಗಾಳಿ ಸರಿಯಿದ್ದರೆ, 24 ಲೀಟರಿನ ಟ್ಯಾಂಕು ಮೋಟರ್ ಓಡದೆಯೇ ಸುಮಾರು 8 ಲೀಟರ್ ಕೊಡಬೇಕು. ಗಾಳಿ ಹೋದರೆ ಒಂದು ಚೊಂಬೂ ಸಿಗುವುದಿಲ್ಲ.

ಮೊದಲು ನಲ್ಲಿಯನ್ನು ಸಣ್ಣಗೆ ಬಿಟ್ಟು ಪಂಪಿನ ಒತ್ತಡದ ಮೀಟರ್ ನೋಡಿ, ಮುಳ್ಳು ಎಷ್ಟಕ್ಕೆ ಇಳಿದಾಗ ಮೋಟರ್ ಶುರುವಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕರೆಂಟ್ ಕಡಿಯಲು ಎಂಸಿಬಿ ಇಳಿಸಿ. ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿ ಬಿಟ್ಟು, ಮುಳ್ಳು ಸೊನ್ನೆಗೆ ಬಂದು ಕೊನೆಯ ಹನಿ ಬೀಳುವವರೆಗೆ ಕಾಯಿರಿ. ಆ ನಲ್ಲಿಯನ್ನು ಬಿಟ್ಟೇ ಇರಿ, ಮುಚ್ಚಬೇಡಿ. ಒಳಗೆ ನೀರಿನ ಒತ್ತಡ ಇರುವಾಗ ಟೈರಿನ ಗಾಳಿ ಅಳೆಯುವ ಗೇಜ್ ಹಿಡಿದರೆ ಅದು ತೋರಿಸುವುದು ನೀರಿನ ಒತ್ತಡವನ್ನು, ಟ್ಯಾಂಕಿನ ಗಾಳಿಯನ್ನಲ್ಲ. ‘ಗಾಳಿ ಸರಿಯಾಗಿದೆ ಸಾರ್, ಮೋಟರೇ ಹೋಗಿದೆ’ ಎಂಬ ತೀರ್ಪು ಬರುವುದು ಹೀಗೆಯೇ.

ಟ್ಯಾಂಕಿನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾರಿನ ಟೈರಿನಂಥದೇ ವಾಲ್ವ್ ಕಾಣುತ್ತದೆ. ಒಳಗಿನ ಪಿನ್ನನ್ನು ಒಂದು ಕ್ಷಣ ಒತ್ತಿ. ನೀರು ಚಿಮ್ಮಿದರೆ ಚೀಲ ಹರಿದಿದೆ. ಅದಕ್ಕೆ ಪಂಚರ್ ಪ್ಯಾಚ್ ಹಾಕಿಸುವುದು ದುಡ್ಡು ದಂಡ, ಹೊಸದನ್ನೇ ಹಾಕಿಸಿ, ಕುಡಿಯುವ ನೀರಿಗೆ ಆಗುವಂಥದ್ದನ್ನೇ ಕೇಳಿ. ಅಗ್ಗದ ಚೀಲದ ನೀರಿನಲ್ಲಿ ರಬ್ಬರಿನ ವಾಸನೆ ಹೋಗುವುದೇ ಇಲ್ಲ. ಗಾಳಿಯಷ್ಟೇ ಬಂದರೆ ಟೈರ್ ಗೇಜಿನಿಂದ ಅಳೆಯಿರಿ. ಮೋಟರ್ ಶುರುವಾಗುವ ಅಂಕಿಗಿಂತ 2 ಪಿಎಸ್‌ಐ ಕಡಿಮೆ ಇರಬೇಕು. 20ಕ್ಕೆ ಶುರುವಾದರೆ 18, 30ಕ್ಕಾದರೆ 28.

ತುಂಬಲು ಸೈಕಲ್ ಪಂಪು ಸಾಕು, ನಾನಂತೂ ಅದನ್ನೇ ಬಳಸಿ ಎನ್ನುತ್ತೇನೆ. ಕಂಪ್ರೆಸರ್ ಹಚ್ಚಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ಮೀರುತ್ತದೆ. ಗಾಳಿ ಹೆಚ್ಚಾದರೂ ತೊಂದರೆಯೇ: ಸ್ನಾನದ ನಡುವೆ ನೀರು ಒಮ್ಮೆ ಪೂರ್ತಿ ನಿಂತು, ಆಮೇಲೆ ಭರ್ರೆಂದು ಬರುತ್ತದೆ. ತುಂಬಿದ ಮೇಲೆ ವಾಲ್ವಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಪಿನ್ ಬದಲಿಸಿ, ಮುಚ್ಚಳ ಬಿಗಿಯಿರಿ.

ಎಷ್ಟೋ ಮಂದಿ ಇಷ್ಟೆಲ್ಲ ಬಿಟ್ಟು ಮೋಟರ್ ಶುರುಮಾಡಿ ನಿಲ್ಲಿಸುವ ಪ್ರೆಷರ್ ಸ್ವಿಚ್ಚಿನ ನಟ್ಟಿಗೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ದೊಡ್ಡ ಸ್ಪ್ರಿಂಗಿನ ನಟ್ಟು ಬಿಗಿದರೆ ಶುರುವಾಗುವ, ನಿಲ್ಲುವ ಎರಡೂ ಅಂಕಿ ಮೇಲೇರುತ್ತವೆ. ಪಂಪಿಗೆ ಅಷ್ಟು ಒತ್ತಡ ಕೊಡುವ ತಾಕತ್ತಿಲ್ಲದಿದ್ದರೆ ನಿಲ್ಲದೆ ಓಡಿ ಸುಡುತ್ತದೆ. ಸ್ವಿಚ್ಚಿಗೆ ಹೋಗುವ ಸಣ್ಣ ಪೈಪಿನ ತುಂಡು (ನಿಪ್ಪಲ್) ಮಾತ್ರ ಬಿಚ್ಚಿ ನೋಡಿ. ಕಬ್ಬಿಣದ ಅಂಶವಿರುವ ನೀರಾದರೆ ಕೆಂಪು ಲೋಳೆ ಕಟ್ಟಿ ಅಲ್ಲೇ ಮುಚ್ಚಿರುತ್ತದೆ. ತಂತಿಯಿಂದ ಕೆರೆದು, ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ.

ಇನ್ನು ಸೋರಿಕೆ. ಬಿಟ್ಟಿದ್ದ ನಲ್ಲಿ ಮುಚ್ಚಿ, ಎಂಸಿಬಿ ಎತ್ತಿ, ಒತ್ತಡ ಬಂದು ಪಂಪು ನಿಂತ ಮೇಲೆ ಟ್ಯಾಂಕಿನ ನಂತರದ ಗೇಟ್ ವಾಲ್ವ್ ಮುಚ್ಚಿ, ಮುಳ್ಳು ನೋಡಿ. ಅಲುಗದೆ ನಿಂತರೆ ಸೋರುತ್ತಿರುವುದು ಮನೆಯೊಳಗೆ, ಹೆಚ್ಚಾಗಿ ಕಮೋಡಿನ ಫ್ಲಶ್ ಟ್ಯಾಂಕು. ಅದಕ್ಕೆ ಚಿಟಿಕೆ ಅರಿಶಿನ ಕದಡಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟರೆ ಕೆಳಗೆ ಹಳದಿ ಇಳಿದಿರುತ್ತದೆ. ಗೇಟ್ ವಾಲ್ವ್ ಮುಚ್ಚಿದರೂ ಮುಳ್ಳು ಇಳಿದರೆ, ಪಂಪಿನ ಸುತ್ತ ಎಲ್ಲೂ ಒದ್ದೆಯಿಲ್ಲದಿದ್ದರೆ, ನೀರು ಬಾವಿಗೇ ವಾಪಸ್ ಹೋಗುತ್ತಿದೆ. ಎಂಸಿಬಿ ಇಳಿಸಿ, ಅದನ್ನು ತಡೆಯಲು ಬಾವಿಯೊಳಗಿನ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್ ಮೇಲೆತ್ತಿಸಿ. ಎಲೆ ಕಸ ಸಿಕ್ಕಿದ್ದರೆ ತೊಳೆದರೆ ಸಾಕು. ವಾಷರ್ ಸವೆದಿದ್ದರೆ ಹಿತ್ತಾಳೆಯ ಫುಟ್ ವಾಲ್ವನ್ನೇ ಹೊಸದಾಗಿ ತನ್ನಿ, ಪ್ಲಾಸ್ಟಿಕ್ ಬೇಡ. ಇಳಿಸುವಾಗ ಬಾವಿಯ ತಳದಿಂದ ಎರಡಡಿಯಾದರೂ ಮೇಲಿರಲಿ, ಇಲ್ಲವಾದರೆ ಮತ್ತೆ ಕೆಸರು ಎಳೆಯುತ್ತದೆ. ಪೈಪಿಗೆ ಪೂರ್ತಿ ನೀರು ತುಂಬಿಸಿದ ಮೇಲಷ್ಟೇ ಎಂಸಿಬಿ ಎತ್ತಿ.